ಚಿತ್ರ ವಿಮರ್ಶೆ: ನಾಯಕಿಯ ಧೈರ್ಯವೋ, ತೆರೆದ ಕಡತವೋ?



ವಾರ್ತಾಪತ್ರದ ಈ ಪುಟ ಸಾಮಾನ್ಯವಾಗಿ ಕನ್ನಡ ಚಿತ್ರಗಳಿಗೂ ಕನ್ನಡ ಪುಸ್ತಕಗಳಿಗೂ ಮೀಸಲು. ಈ ಸಲ ಎರಡು ಇಂಗ್ಲಿಷ್ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇವೆ. "ಕನ್ನಡ ಕೂಟದ ಪತ್ರಿಕೆಯಲ್ಲಿ ಹಾಲಿವುಡ್ ಯಾಕಪ್ಪಾ?" ಎಂದು ಕೆಲವರಾದರೂ ಕೇಳುತ್ತೀರಿ. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ಎರಡು ಚಿತ್ರಗಳೂ ಈ ದೇಶದಲ್ಲಿ ನಾವು ದಿನಾ ಕುಡಿಯುವ ನೀರಿನ ಬಗ್ಗೆ ಇವೆ. ನಮ್ಮಲ್ಲಿ ಅನೇಕರು ರಾಸಾಯನಿಕ, ಔಷಧ ಮತ್ತು ಇಂಜಿನಿಯರಿಂಗ್ ಕಂಪನಿಗಳಲ್ಲಿ ದುಡಿಯುವವರು, ಇಲ್ಲೇ ಮನೆ ಕೊಂಡವರು, ಇಲ್ಲೇ ಮಕ್ಕಳನ್ನು ಬೆಳೆಸುತ್ತಿರುವವರು. ಆದ್ದರಿಂದ ಇದು ಪರರ ಕಥೆ ಎಂದು ನಮಗೆ ಅನ್ನಿಸಲಿಲ್ಲ.

ಸಂಪಾದಕ ಬಳಗದ ನಾಲ್ಕೈದು ಮನೆಯವರು ಎರಡು ಶನಿವಾರ ಸಂಜೆ ಸದಸ್ಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿದೆವು. ಮೊದಲ ವಾರ "ಎರಿನ್ ಬ್ರೊಕೊವಿಚ್" (2000), ಎರಡನೇ ವಾರ "ಡಾರ್ಕ್ ವಾಟರ್ಸ್" (2019). ಮೊದಲನೆಯದರ ನಿರ್ದೇಶಕರು ಸ್ಟೀವನ್ ಸೋಡರ್‌ಬರ್ಗ್, ಎರಡನೆಯದರವರು ಟಾಡ್ ಹೇನ್ಸ್. ಎರಡೂ ನಡೆದ ಘಟನೆಗಳನ್ನು ಆಧರಿಸಿದ ಚಿತ್ರಗಳು. ಮೊದಲ ಚಿತ್ರ ಮುಗಿದು ಬಿಸಿಬೇಳೆಭಾತ್ ಬಡಿಸುವ ಹೊತ್ತಿಗೆ ಹೈಸ್ಕೂಲು ಓದುವ ನಮ್ಮ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಆ ಆಫೀಸಿನವರು ಫೈಲ್ ತೋರಿಸಲ್ಲ ಅಂದಿದ್ರೆ ಅವಳು ಏನ್ ಮಾಡ್ತಿದ್ಲು?" ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ವಿಮರ್ಶೆ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಹಿಂಕ್ಲಿಯ ನೀರು

"ಎರಿನ್ ಬ್ರೊಕೊವಿಚ್" ಕಥೆ ಹಲವರಿಗೆ ಗೊತ್ತಿದೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಹಿಂಕ್ಲಿ ಎಂಬ ಸಣ್ಣ ಊರು. ಅಲ್ಲಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಗ್ಯಾಸ್ ಕೊಳವೆ ಮಾರ್ಗದ ಪಂಪಿಂಗ್ ಕೇಂದ್ರ. ನೀರಿನಿಂದ ತಂಪು ಮಾಡುವ ಗೋಪುರಗಳಿಗೆ ತುಕ್ಕು ಹಿಡಿಯದಿರಲಿ ಎಂದು 1952ರಿಂದ 1966ರವರೆಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಸಿದರು. ಬಳಸಿದ ನೀರನ್ನು ತಳಕ್ಕೆ ಯಾವ ಹೊದಿಕೆಯೂ ಇಲ್ಲದ ಹೊಂಡಗಳಿಗೆ ಬಿಟ್ಟರು. ಅದು ನೆಲದೊಳಗೆ ಇಳಿದು ಊರಿನ ಬಾವಿಗಳನ್ನು ಸೇರಿತು. ವಕೀಲರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ, ಮೂರು ಮಕ್ಕಳ ತಾಯಿ ಎರಿನ್ ಇದನ್ನು ಪತ್ತೆ ಮಾಡುತ್ತಾಳೆ. 1996ರಲ್ಲಿ ಕಂಪನಿ ಊರಿನವರಿಗೆ 33 ಕೋಟಿ 30 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು.

ಜೂಲಿಯಾ ರಾಬರ್ಟ್ಸ್ ಈ ಪಾತ್ರಕ್ಕೆ ಆಸ್ಕರ್ ಪಡೆದರು, ಅದರಲ್ಲಿ ನಮಗೆ ತಕರಾರಿಲ್ಲ. ಬಾಯಿ ಜೋರು, ಮನಸ್ಸು ಮೆದು, ಕೈಯಲ್ಲಿ ಕಾಸಿಲ್ಲದಿದ್ದರೂ ತಲೆ ಬಗ್ಗಿಸದ ಹೆಂಗಸು. ವಕೀಲರ ಪಾತ್ರದಲ್ಲಿ ಆಲ್ಬರ್ಟ್ ಫಿನ್ನಿ ಗೊಣಗುತ್ತಲೇ ಅವಳ ಬೆನ್ನಿಗೆ ನಿಲ್ಲುವುದು ಬಹಳ ಹಿತವಾಗಿದೆ. ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ನಮ್ಮ ತಕರಾರು ಇರುವುದು ಒಂದು ದೃಶ್ಯದ ಬಗ್ಗೆ. ಎರಿನ್ ಆ ಪ್ರದೇಶದ ಜಲಮಂಡಳಿಯ ಕಚೇರಿಗೆ ಹೋಗುತ್ತಾಳೆ. ಅಲ್ಲಿ ಕೂತಿರುವ ಹುಡುಗ ಅವಳ ರೂಪಕ್ಕೆ ಮರುಳಾಗಿ ಒಳಗೆ ಬಿಡುತ್ತಾನೆ. ಅವಳು ಧೂಳು ಹಿಡಿದ ಕಡತಗಳನ್ನು ತೆಗೆದು, ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಕೊಳ್ಳುತ್ತಾಳೆ. ಬೇಸ್‌ಮೆಂಟಿನಲ್ಲಿ ಎಲ್ಲರೂ ನಕ್ಕೆವು. ಆದರೆ ನಕ್ಕು ಮುಗಿದ ಮೇಲೆ ನೋಡುವವರ ಮನಸ್ಸಿನಲ್ಲಿ ಉಳಿಯುವುದೇನು? ಸರ್ಕಾರಿ ಕಚೇರಿಯಿಂದ ಕಾಗದ ಹೊರಗೆ ತರಲು ಚೆಲುವು ಬೇಕು, ಚಾಲಾಕಿತನ ಬೇಕು ಎಂಬುದು. ನಮ್ಮೂರಿನ ತಾಲ್ಲೂಕು ಕಚೇರಿ ಕಂಡವರಿಗಂತೂ ಇದು ಸಹಜವಾಗಿಯೇ ತೋರುತ್ತದೆ.

ನಿಜಸಂಗತಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ದಾಖಲೆಗಳ ಕಾಯಿದೆ 1968ರಲ್ಲೇ ಬಂದಿತ್ತು. ಆ ಕಡತ ನೋಡುವುದು ಅವಳ ಹಕ್ಕಾಗಿತ್ತು. ಅಡ್ಡಾದಿಡ್ಡಿ ಬಟ್ಟೆ ತೊಟ್ಟ ಎರಿನ್ ಹೋಗಿದ್ದರೂ ಒಂದೇ, ಕನ್ನಡಕ ಹಾಕಿದ ಅಜ್ಜಿ ಹೋಗಿದ್ದರೂ ಒಂದೇ. ಈ ಮಾತು ಚಿತ್ರದಲ್ಲಿ ಬರುವುದೇ ಇಲ್ಲ ಎನ್ನುವಂತಿಲ್ಲ, ಒಂದು ಕ್ಷಣ ಬಂದು ಹೋಗುತ್ತದೆ. ಅದಕ್ಕೆ ಕೊಡಬೇಕಾದ ತೂಕ ಕೊಟ್ಟಿಲ್ಲ, ಅಷ್ಟೆ. ಇನ್ನೊಂದು ವಿಷಯ ಗಮನಿಸಿ. ನೀರು ಕೆಟ್ಟಿರುವುದನ್ನು ಕಂಪನಿ 1987ರಲ್ಲಿಯೇ ಜಲಮಂಡಳಿಗೆ ತಿಳಿಸಿತ್ತು. ಎರಿನ್ ಕಡತ ಬಿಚ್ಚಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ನಡುವಿನ ವರ್ಷಗಳಲ್ಲಿ ಕಾಗದ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಕೇಳುವವರು ಬಂದಾಗ ಅದು ಅಲ್ಲಿತ್ತು ಎಂಬುದೇ ಈ ಇಡೀ ಕಥೆಯ ಆಧಾರ.

ಚಿತ್ರ ಚೆನ್ನಾಗಿ ತೋರಿಸಿರುವ ಸಂಗತಿಯನ್ನೂ ಹೇಳಬೇಕು. ಊರಿನವರಿಗೆ ಕಂಪನಿ ಕ್ರೋಮಿಯಂ ಬಗ್ಗೆ ಹೇಳಿರಲೇ ಇಲ್ಲ ಎಂದಲ್ಲ. ಅದು ದೇಹಕ್ಕೆ ಒಳ್ಳೆಯದು ಎಂಬಂತೆ ಹೇಳಿತ್ತು. ಕ್ರೋಮಿಯಂನಲ್ಲಿ ಬೇರೆ ಬೇರೆ ರೂಪಗಳಿವೆ. ಟ್ರೈವೇಲೆಂಟ್ ಎಂಬುದನ್ನು ವಿಟಮಿನ್ ಮಾತ್ರೆಗಳಲ್ಲೂ ಹಾಕುತ್ತಾರೆ. ಹೆಕ್ಸಾವೇಲೆಂಟ್ ಎಂಬುದು ವಿಷ. ಬರೀ "ಕ್ರೋಮಿಯಂ" ಎಂದರೆ ಸುಳ್ಳೂ ಅಲ್ಲ, ನಿಜವೂ ಅಲ್ಲ. ಮಾಹಿತಿ ಕೊಟ್ಟ ಹಾಗೆಯೂ ಆಯಿತು, ಮುಚ್ಚಿಟ್ಟ ಹಾಗೆಯೂ ಆಯಿತು.

ಕೊನೆಯ ಭಾಗದಲ್ಲಿ ಚಿತ್ರ ಮತ್ತೆ ಎಡವುತ್ತದೆ. ದೊಡ್ಡ ಮೊತ್ತದ ಚೆಕ್ಕು ಬಂದರೆ ನ್ಯಾಯ ಸಿಕ್ಕಂತೆ ಎಂದು ಸಂಭ್ರಮಿಸುತ್ತದೆ. ಆದರೆ ಹಿಂಕ್ಲಿ ಪ್ರಕರಣ ತೆರೆದ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ಮುಗಿಯಲಿಲ್ಲ, ಖಾಸಗಿ ಮಧ್ಯಸ್ಥಿಕೆಯಲ್ಲಿ ಮುಗಿಯಿತು. ಊರಿನವರಿಗೆ ಹಣ ಬೇಗ ಬೇಕಾಗಿತ್ತು, ನಿಜ. ಆದರೆ ಸಾಕ್ಷ್ಯಗಳು ಎಲ್ಲರೆದುರು ಬರಬೇಕಾಗಿತ್ತು ಎಂಬ ಕೊರಗು ಚಿತ್ರಕ್ಕೆ ಇಲ್ಲವೇ ಇಲ್ಲ.

ಪಾರ್ಕರ್ಸ್‌ಬರ್ಗಿನ ಹಸುಗಳು

ಎರಡನೇ ಚಿತ್ರಕ್ಕೆ ಬರೋಣ. "ಡಾರ್ಕ್ ವಾಟರ್ಸ್" ಮೊದಲನೆಯದರಷ್ಟು ಲವಲವಿಕೆಯ ಚಿತ್ರವಲ್ಲ. ಬಣ್ಣವೆಲ್ಲ ಮಂಕು, ಆಕಾಶ ಯಾವಾಗಲೂ ಬೂದಿ. ನಮ್ಮಲ್ಲಿ ಒಬ್ಬಿಬ್ಬರು ನಡುವೆ ತೂಕಡಿಸಿದ್ದೂ ಉಂಟು. ಆದರೂ ನಮ್ಮ ಅಭಿಪ್ರಾಯದಲ್ಲಿ ಇದೇ ದೊಡ್ಡ ಚಿತ್ರ.

ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ರೈತ ವಿಲ್ಬರ್ ಟೆನೆಂಟ್ ಅವರ ಹಸುಗಳು ಒಂದೊಂದಾಗಿ ಸಾಯತೊಡಗಿದವು. ಪಕ್ಕದಲ್ಲೇ ಡ್ಯೂಪಾಂಟ್ ಕಂಪನಿಯ ಕಸದ ಗುಂಡಿ, ಅಲ್ಲಿಂದ ಹರಿದು ಬರುವ ತೊರೆಯ ನೀರನ್ನೇ ಹಸುಗಳು ಕುಡಿಯುತ್ತಿದ್ದವು. ರೈತ ತಾನೇ ವಿಡಿಯೋ ಕ್ಯಾಮೆರಾ ಹಿಡಿದು ಎಲ್ಲವನ್ನೂ ಚಿತ್ರಿಸಿದ. 1998ರಲ್ಲಿ ಆ ಕ್ಯಾಸೆಟ್ಟುಗಳನ್ನು ಹೊತ್ತು ಸಿನ್ಸಿನಾಟಿಯ ವಕೀಲ ರಾಬ್ ಬಿಲಾಟ್ ಬಳಿಗೆ ಹೋದ. ಬಿಲಾಟ್ ಅದುವರೆಗೆ ರಾಸಾಯನಿಕ ಕಂಪನಿಗಳ ಪರವಾಗಿ ಕೆಲಸ ಮಾಡುತ್ತಿದ್ದವರು. ಡ್ಯೂಪಾಂಟ್ ಮತ್ತು ಸರ್ಕಾರದ ಪರಿಸರ ಸಂಸ್ಥೆ ಇಪಿಎ ಸೇರಿ ನೇಮಿಸಿದ ಪಶುವೈದ್ಯರು ವರದಿ ಕೊಟ್ಟರು: ತಪ್ಪು ರೈತನದೇ, ಅವನು ದನಗಳನ್ನು ಸರಿಯಾಗಿ ಸಾಕಿಲ್ಲ. ಹುಟ್ಟಿದಾಗಿನಿಂದ ದನಗಳ ನಡುವೆ ಬೆಳೆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಬಿಲ್ ಕ್ಯಾಂಪ್ ಆ ರೈತನ ಸಿಟ್ಟನ್ನೂ ಸಂಕಟವನ್ನೂ ಒಂದೇ ಮುಖದಲ್ಲಿ ತೋರಿಸಿದ್ದಾರೆ.

ಈ ಭಾಗ ನೋಡುವಾಗ ನಮಗೆ ಕಾಸರಗೋಡು ಜಿಲ್ಲೆಯ ಗಡಿನಾಡ ಹಳ್ಳಿ ಪಡ್ರೆ ನೆನಪಾಯಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಆ ಸೀಮೆಯಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿವೆ ಎಂದು ಕನ್ನಡದ ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲೇ ಬರೆದಿದ್ದರು. ಸುಪ್ರೀಂ ಕೋರ್ಟು ದೇಶದಲ್ಲಿ ಆ ಕೀಟನಾಶಕವನ್ನು ತಡೆದದ್ದು 2011ರಲ್ಲಿ. ಅಲ್ಲಿಯೂ ಮೊದಲು ಸಾಕ್ಷಿ ಹೇಳಿದವು ಕೊಟ್ಟಿಗೆಯ ಜೀವಗಳೇ.

ಹಿಂಕ್ಲಿಗೂ ಪಾರ್ಕರ್ಸ್‌ಬರ್ಗಿಗೂ ಇರುವ ವ್ಯತ್ಯಾಸ ಇಲ್ಲಿದೆ. ಬಿಲಾಟ್ ಹೋಗಿ ಕೇಳಬಹುದಾದ ಸರ್ಕಾರಿ ಕಪಾಟಿನಲ್ಲಿ ಏನೂ ಇರಲಿಲ್ಲ. ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್ಒಎ ಎಂಬ ರಾಸಾಯನಿಕ (ಕಂಪನಿಯೊಳಗೆ ಅದರ ಹೆಸರು ಸಿ-8) ಸರ್ಕಾರದ ಯಾವ ನಿಯಂತ್ರಣ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಅಳೆಯುವುದಿಲ್ಲ, ಯಾರೂ ವರದಿ ಮಾಡುವುದಿಲ್ಲ. ಎಲ್ಲ ತಿಳುವಳಿಕೆ ಕಂಪನಿಯ ಒಳಗೇ ಇತ್ತು. 2000ರಲ್ಲಿ ನ್ಯಾಯಾಲಯದ ಆದೇಶದ ಮೇಲೆ ಡ್ಯೂಪಾಂಟ್ 1,10,000ಕ್ಕೂ ಹೆಚ್ಚು ಪುಟಗಳನ್ನು ಒಪ್ಪಿಸಿತು. ಬಿಲಾಟ್ ಪಾತ್ರದ ಮಾರ್ಕ್ ರಫಲೋ ಆ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು ಪುಟ ಪುಟವನ್ನೂ ಓದಿ ಜೋಡಿಸುವ ದೃಶ್ಯ ಚಿತ್ರದ ಜೀವಾಳ. ಹಾಡಿಲ್ಲ, ಹೊಡೆದಾಟವಿಲ್ಲ, ಒಬ್ಬ ಮನುಷ್ಯ ಕಾಗದ ಓದುತ್ತಾನೆ. ಅದನ್ನೇ ಉಸಿರು ಬಿಗಿ ಹಿಡಿದು ನೋಡುವಂತೆ ಮಾಡಿದ ನಿರ್ದೇಶಕರಿಗೆ ನಮ್ಮ ಮೆಚ್ಚುಗೆ.

ಆ ಪುಟಗಳಲ್ಲಿ ಇದ್ದುದೇನು? ಈ ವಸ್ತು ಪ್ರಾಣಿಗಳ ಪಿತ್ತಜನಕಾಂಗವನ್ನು ಹಿಗ್ಗಿಸುತ್ತದೆ ಎಂದು ಡ್ಯೂಪಾಂಟ್ ಸಂಶೋಧಕರಿಗೆ 1961ರಲ್ಲೇ ಗೊತ್ತಿತ್ತು. 1981ರಲ್ಲಿ, ಆ ರಾಸಾಯನಿಕದ ನಡುವೆ ದುಡಿಯುತ್ತಿದ್ದ ಹೆಂಗಸರ ಏಳು ಹೆರಿಗೆಗಳನ್ನು ನೋಡಿದಾಗ ಎರಡು ಮಕ್ಕಳಿಗೆ ಕಣ್ಣಿನ ದೋಷ ಇದ್ದದ್ದು ಕಂಪನಿಯ ಗಮನಕ್ಕೆ ಬಂದಿತ್ತು. 1984ರಲ್ಲಿ ಊರಿನ ಕುಡಿಯುವ ನೀರಿನಲ್ಲಿ ಸಿ-8 ಇರುವುದೂ ಗೊತ್ತಾಗಿತ್ತು. ಊರಿನವರಿಗೆ ಇದಾವುದನ್ನೂ ಹೇಳಿರಲಿಲ್ಲ. 2001ರಲ್ಲಿ ಬಿಲಾಟ್ 972 ಪುಟಗಳ ಪತ್ರ ಬರೆದು ಈ ದಾಖಲೆಗಳನ್ನು ಸರ್ಕಾರದ ಮುಂದಿಟ್ಟರು. ಅವರು ಸರ್ಕಾರಕ್ಕೆ ಏನೂ ಹೇಳದಂತೆ ಬಾಯಿ ಕಟ್ಟಬೇಕೆಂದು ಡ್ಯೂಪಾಂಟ್ ನ್ಯಾಯಾಲಯದ ಮೊರೆ ಹೊಕ್ಕಿತು, ನ್ಯಾಯಾಲಯ ಒಪ್ಪಲಿಲ್ಲ. ಅಪಾಯದ ಮಾಹಿತಿ ಮುಚ್ಚಿಟ್ಟ ಆರೋಪದ ಮೇಲೆ 2005ರಲ್ಲಿ ಕಂಪನಿ ಇಪಿಎ ಜೊತೆ 1 ಕೋಟಿ 65 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಆಮೇಲೆ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಸ್ವತಂತ್ರ ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಆರು ಕಾಯಿಲೆಗಳಿಗೂ ಸಿ-8ಕ್ಕೂ ಸಂಬಂಧ ಇರುವ ಸಂಭವವಿದೆ ಎಂದು ಹೇಳಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯಿಡ್ ಕಾಯಿಲೆ ಅವುಗಳಲ್ಲಿ ಮೂರು. 3,500ಕ್ಕೂ ಹೆಚ್ಚು ಮೊಕದ್ದಮೆಗಳು 2017ರಲ್ಲಿ 67 ಕೋಟಿ 10 ಲಕ್ಷ ಡಾಲರಿನ ಒಪ್ಪಂದದಲ್ಲಿ ಇತ್ಯರ್ಥವಾದವು. (ಮನೆಯಲ್ಲಿರುವ ನಾನ್‌ಸ್ಟಿಕ್ ದೋಸೆ ತವಾ ಬಿಸಾಡಬೇಕೇ ಎಂದು ಆ ಸಂಜೆಯೇ ಚರ್ಚೆ ಶುರುವಾಯಿತು. ಚಿತ್ರದ ಮುಖ್ಯ ವಿಷಯ ತವಾ ಅಲ್ಲ, ಕಾರ್ಖಾನೆಯಿಂದ ಗಾಳಿಗೂ ಓಹಿಯೋ ನದಿಗೂ ಊರಿನ ನೆಲಕ್ಕೂ ಸೇರಿದ ವಿಷ.)

ಈ ಚಿತ್ರದ ಮೇಲೆ ನಮಗಿರುವ ಆಕ್ಷೇಪ ಒಂದೇ. ಕೊನೆಗೆ ಬಿಲಾಟ್ ವ್ಯವಸ್ಥೆಯ ಮೇಲಿನ ಭರವಸೆ ಕಳೆದುಕೊಳ್ಳುತ್ತಾರೆ. ನಮ್ಮನ್ನು ಕಾಯುವವರು ಯಾರೂ ಇಲ್ಲ, ನಮ್ಮನ್ನು ನಾವೇ ಕಾಯಬೇಕು ಎಂಬ ಭಾವದಲ್ಲಿ ಚಿತ್ರ ನಿಲ್ಲುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮನ್ನು ನಾವು ಕಾಯುವುದು ಯಾವುದರಿಂದ? ನೀರಿನಲ್ಲಿ ಏನಿದೆ ಎಂದು ಗೊತ್ತಿಲ್ಲದವರು ಏನನ್ನು ಕಾದಾರು? ಬಿಲಾಟರಿಗೂ ಆ ಪೆಟ್ಟಿಗೆಗಳು ಸಿಕ್ಕಿದ್ದು ನ್ಯಾಯಾಲಯದ ಆದೇಶದಿಂದ. ಒಬ್ಬ ವಕೀಲ ತನ್ನ ಆರೋಗ್ಯ ಮತ್ತು ಸಂಸಾರದ ನೆಮ್ಮದಿಯನ್ನು ಪಣಕ್ಕಿಟ್ಟು ಇಪ್ಪತ್ತು ವರ್ಷ ಹೋರಾಡಿದರೆ ಮಾತ್ರ ನಿಜ ತಿಳಿಯುವುದಾದರೆ ಉಳಿದ ಊರುಗಳ ಗತಿ ಏನು?

ಚಿತ್ರಗಳು ಹೇಳದ ಕಥೆ

ಈ ಪ್ರಶ್ನೆಗೆ ಈ ದೇಶ ಒಂದು ಉತ್ತರ ಕಂಡುಕೊಂಡಿತ್ತು. ಎರಡೂ ಚಿತ್ರಗಳು ಅದರ ತಂಟೆಗೆ ಹೋಗಿಲ್ಲ. ಅದರ ಬೇರು ನಮ್ಮ ದೇಶದಲ್ಲಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಗೋಡೆಯಾಚೆಯ ಗುಡಿಸಲುಗಳಲ್ಲಿ ಮಲಗಿದ್ದವರಿಗೆ ಒಳಗೆ ಏನು ತುಂಬಿಟ್ಟಿದ್ದಾರೆ ಎಂಬುದೇ ಗೊತ್ತಿರಲಿಲ್ಲ. ಮರುವರ್ಷ, 1985ರ ಆಗಸ್ಟಿನಲ್ಲಿ, ಅದೇ ಕಂಪನಿಯ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನ ಕಾರ್ಖಾನೆಯಲ್ಲಿ ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಭೋಪಾಲದಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು. 1986ರಲ್ಲಿ ಕಾಂಗ್ರೆಸ್ ಒಂದು ಕಾಯಿದೆ ತಂದಿತು. ಅದರ ಪ್ರಕಾರ ಪ್ರತಿ ವರ್ಷ ಯಾವ ಕಾರ್ಖಾನೆ ಯಾವ ವಿಷವನ್ನು ಎಷ್ಟು ಪೌಂಡು ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿತು ಎಂದು ಸರ್ಕಾರಕ್ಕೆ ಹೇಳಬೇಕು, ಸರ್ಕಾರ ಅದನ್ನು ಎಲ್ಲರಿಗೂ ತೋರಿಸಬೇಕು. ಇದೇ ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ, ಟಿಆರ್ಐ. ಭೋಪಾಲದಲ್ಲಿ ಸತ್ತವರ ಋಣ ಈ ದೇಶದ ಮೇಲೆ ಇಷ್ಟಾದರೂ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಮೊದಲ ವರ್ಷದ ಅಂಕಿಗಳು ಬರುವ ಹೊತ್ತಿಗೇ, 1988ರಲ್ಲಿ, ಮೊನ್ಸಾಂಟೋ ಕಂಪನಿಯ ಮುಖ್ಯಸ್ಥರು ತಮ್ಮ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷವನ್ನು 1992ರ ಹೊತ್ತಿಗೆ ಶೇಕಡಾ 90ರಷ್ಟು ಕಡಿಮೆ ಮಾಡುವುದಾಗಿ ಮಾತು ಕೊಟ್ಟರು. ಯಾವ ಕೋರ್ಟೂ ಹೇಳಿರಲಿಲ್ಲ. ಲೆಕ್ಕ ಊರಿಗೆಲ್ಲ ಕಾಣುತ್ತದೆ ಎಂಬುದೇ ಸಾಕಾಗಿತ್ತು.

ಮೂವತ್ತು ವರ್ಷ ಕೆಮಿಕಲ್ ಇಂಜಿನಿಯರ್ ಆಗಿದ್ದು ನಿವೃತ್ತರಾದ ನಮ್ಮ ಹಿರಿಯರೊಬ್ಬರು ಇಲ್ಲಿ ಒಂದು ಮಾತು ಹೇಳಿದರು: "ನೋಡಿ, ಪೌಂಡಿನ ಲೆಕ್ಕ ನೋಡಿ ಜನ ಸುಮ್ಮನೆ ಹೆದರ್ತಾರೆ. ಹೊರಗೆ ಹೋದದ್ದೆಲ್ಲ ಹೊಟ್ಟೆಗೆ ಹೋಗಲ್ಲ. ಕಂಪನಿಗಳಿಗೂ ತಮ್ಮ ಗುಟ್ಟು ಅಂತ ಇರುತ್ತೆ." ರಾಯರ ಮಾತಿನಲ್ಲಿ ನಿಜವಿದೆ. ಟಿಆರ್ಐ ಅಂಕಿ ಅಪಾಯದ ಅಳತೆ ಅಲ್ಲ. ಎಷ್ಟೋ ಅಂಕಿಗಳು ಕಂಪನಿಗಳೇ ಅಂದಾಜು ಮಾಡಿ ಕೊಟ್ಟವು. ವ್ಯಾಪಾರದ ಗುಟ್ಟಿಗೆ ಕಾಯಿದೆಯಲ್ಲೇ ಜಾಗವಿದೆ. ಹಿಂಕ್ಲಿಯ ವಿಷಯದಲ್ಲೂ, 1996ರಿಂದ 2008ರವರೆಗಿನ ಲೆಕ್ಕ ನೋಡಿದ ಕ್ಯಾಲಿಫೋರ್ನಿಯಾದ ಕ್ಯಾನ್ಸರ್ ನೋಂದಣಿಯವರು ಅಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಾಗಿಲ್ಲ ಎಂದು 2010ರಲ್ಲಿ ಹೇಳಿದರು. ಆ ಎಣಿಕೆ ಸಾಲದು ಎಂದು ವಾದಿಸಿದವರೂ ಇದ್ದಾರೆ. ಆದರೆ ಈ ವಾದ ನಡೆದದ್ದಾದರೂ ಹೇಗೆ? ಅಂಕಿಗಳು ಎರಡೂ ಕಡೆಯವರ ಮುಂದೆ ಇದ್ದುದರಿಂದ. ತಪ್ಪಿಲ್ಲದ ಕಂಪನಿಗೆ ತನ್ನ ಹೆಸರು ಉಳಿಸಿಕೊಳ್ಳಲೂ ತೆರೆದ ಕಡತವೇ ಬೇಕು. ಮುಚ್ಚಿಟ್ಟ ಕಡೆ ಉಳಿಯುವುದು ಗುಮಾನಿ ಮಾತ್ರ. ರಾಯರು ಇದಕ್ಕೆ ಪೂರ್ತಿ ಒಪ್ಪಲಿಲ್ಲ, ಆದರೆ ಎರಡನೇ ಚಿತ್ರ ನೋಡಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು.

ಕಪಾಟಿಗೆ ಬೀಗ

ಒಮ್ಮೆ ತೆರೆದ ಕಪಾಟು ತೆರೆದೇ ಇರುತ್ತದೆ ಎಂದು ನಂಬುವಂತಿಲ್ಲ. 2006ರಲ್ಲಿ ಇಪಿಎ ತನ್ನ ಕೆಲವು ಗ್ರಂಥಾಲಯಗಳನ್ನೇ ಮುಚ್ಚಿತು. ಬಹಳ ಗದ್ದಲವಾದ ಮೇಲೆ 2008ರಲ್ಲಿ ಮತ್ತೆ ತೆರೆದರು. ಅದೇ 2006ರ ಕೊನೆಯಲ್ಲಿ, ಹೆಚ್ಚಿನ ಕಾರ್ಖಾನೆಗಳು ಪೂರ್ತಿ ವಿವರದ ಬದಲು ಚಿಕ್ಕ ನಮೂನೆ ತುಂಬಿದರೆ ಸಾಕು ಎಂದು ಟಿಆರ್ಐ ನಿಯಮವನ್ನು ಸಡಿಲಿಸಿದರು. ಹಲವು ರಾಜ್ಯಗಳು ಮೊಕದ್ದಮೆ ಹೂಡಿದವು. 2009ರಲ್ಲಿ ಕಾಂಗ್ರೆಸ್ ಹಳೆಯ ನಿಯಮವನ್ನೇ ಮತ್ತೆ ತಂದಿತು. ಯಾವ ಬಡಾವಣೆಯ ಮೇಲೆ ಎಷ್ಟು ಮಾಲಿನ್ಯದ ಹೊರೆ ಇದೆ ಎಂದು ತೋರಿಸುತ್ತಿದ್ದ ಇಜೆಸ್ಕ್ರೀನ್ ಎಂಬ ನಕ್ಷೆಯನ್ನು 2025ರ ಫೆಬ್ರವರಿಯಲ್ಲಿ ಇಪಿಎ ತನ್ನ ತಾಣದಿಂದ ತೆಗೆದುಹಾಕಿತು. ಹೊರಗಿನ ಆಸಕ್ತರು ಮೊದಲೇ ನಕಲು ಮಾಡಿಟ್ಟುಕೊಂಡಿದ್ದರಿಂದ ಅದು ಬೇರೆ ಕಡೆ ಉಳಿಯಿತು.

ಒಳ್ಳೆಯ ಸುದ್ದಿಯೂ ಇದೆ. ಬಿಲಾಟ್ ಹಿಂದೆ ಬಿದ್ದಿದ್ದ ಪಿಎಫ್ಒಎ ಮತ್ತು ಅದರ ಜಾತಿಯ ನೂರಾರು ರಾಸಾಯನಿಕಗಳು 2020ರಿಂದ ಟಿಆರ್ಐ ಪಟ್ಟಿಗೆ ಸೇರಿವೆ. ವರ್ಷಕ್ಕೆ 100 ಪೌಂಡು ತಯಾರಿಸಿದರೂ, ಬಳಸಿದರೂ ವರದಿ ಮಾಡಬೇಕು. ಡ್ಯೂಪಾಂಟ್‌ಗೆ ಗೊತ್ತಿದ್ದುದು ಸಾಮಾನ್ಯ ಜನರ ಪಟ್ಟಿಗೆ ಬರಲು ಸುಮಾರು ಅರವತ್ತು ವರ್ಷ ಬೇಕಾಯಿತು.

ಹಾಗಾದರೆ ಆ ಹುಡುಗಿಯ ಪ್ರಶ್ನೆಗೆ ಏನು ಉತ್ತರ? ಫೈಲು ತೋರಿಸದಿದ್ದರೆ ಎರಿನ್ ಧೈರ್ಯ ಎಷ್ಟಿದ್ದರೂ ಬರಿಗೈಯಲ್ಲಿ ಮನೆಗೆ ಬರುತ್ತಿದ್ದಳಮ್ಮ. ನಮಗೆ ಹಾಲಿವುಡ್ ಕೊಟ್ಟದ್ದು ಇಬ್ಬರು ವೀರರನ್ನು. ಇಬ್ಬರೂ ದೊಡ್ಡವರೇ. ಆದರೆ ಊರಿಗೊಬ್ಬ ಎರಿನ್, ಊರಿಗೊಬ್ಬ ಬಿಲಾಟ್ ಹುಟ್ಟುವುದಿಲ್ಲ. ಊರಿಗೊಂದು ತೆರೆದ ಕಡತ ಇರುವಂತೆ ನೋಡಿಕೊಳ್ಳಬಹುದು.

ಅದಕ್ಕೆ ನಾವು ಮಾಡಬಹುದಾದದ್ದು ಸಣ್ಣದು. ನಮ್ಮ ನೀರು ಸರಬರಾಜಿನವರು ಪ್ರತಿ ವರ್ಷ ಜುಲೈ 1ರೊಳಗೆ ನೀರಿನ ಗುಣಮಟ್ಟದ ವರದಿ ಕೊಡಲೇಬೇಕು. ನಮ್ಮಲ್ಲಿ ಬಹುಪಾಲು ಜನ ಅದನ್ನು ಅಂಗಡಿ ಕೂಪನ್ನುಗಳ ಜೊತೆ ಕಸದ ಬುಟ್ಟಿಗೆ ಹಾಕುತ್ತೇವೆ (ಈ ಬರಹಕ್ಕೆ ಕೂರುವವರೆಗೆ ನಾವೂ ಅದನ್ನೇ ಮಾಡುತ್ತಿದ್ದೆವು). ಈ ವರ್ಷ ಅದನ್ನು ಮಕ್ಕಳ ಜೊತೆ ಕೂತು ಓದೋಣ. ನಿಮ್ಮ ಜಿಪ್ ಕೋಡ್ ಕೊಟ್ಟು ಟಿಆರ್ಐ ನೋಡಿ. ಅರ್ಥವಾಗದ್ದನ್ನು ಫೋನು ಮಾಡಿ ಕೇಳಿ. ಕೇಳುವವರು ಇದ್ದಾರೆ ಎಂದು ಗೊತ್ತಿರುವ ಕಡೆ ಕಡತಕ್ಕೆ ಬೀಗ ಹಾಕುವುದು ಸುಲಭವಲ್ಲ.

ಎರಡೂ ಚಿತ್ರಗಳನ್ನು ನೋಡಿ, ಹೈಸ್ಕೂಲಿನ ಮಕ್ಕಳಿಗೂ ತೋರಿಸಿ. ಮೊದಲನೆಯದರಲ್ಲಿ ಬೈಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳನ್ನು ದೂರವಿಡಿ. ಒಂದನ್ನೇ ನೋಡಲು ಸಮಯವಿದ್ದರೆ "ಡಾರ್ಕ್ ವಾಟರ್ಸ್" ನೋಡಿ. ನಿಮ್ಮೂರಿನ ನೀರಿನ ವರದಿಯಲ್ಲಿ ಏನು ಕಂಡಿರಿ, ಕೇಳಿದ್ದಕ್ಕೆ ಏನು ಉತ್ತರ ಬಂತು ಎಂಬುದನ್ನು ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ ಬಳಗ